ಹನ್ನೊಂದು ನಿಮಿಷದ ಆರೋಪಪಟ್ಟಿ

ಗುಮಾಸ್ತನ ಹೆಬ್ಬೆರಳು ಒದ್ದೆ ಸ್ಪಂಜಿಗೆ ಒಂದು ಸಲ, ಹಾಳೆಯ ಮೂಲೆಗೆ ಒಂದು ಸಲ, ಮತ್ತೆ ಸ್ಪಂಜಿಗೆ — ನೂರಾ ಎಂಬತ್ತಾರು ಪುಟ, ಹೀಗೆ ಬೆರಳು ನೆನೆಸಿ ನೆನೆಸಿ ತಿರುವಿದರೆ ಐದು ಗಂಟೆಯೇನು, ಬರುವ ವಾರವೂ ಬಂದು ಹೋಗುತ್ತದೆ, ಅವಳು ಕಿಟಕಿಯ ಕಂಬಿ ಹಿಡಿದು ನಿಂತಿದ್ದಾಳೆ, ತನಿಖಾಧಿಕಾರಿ, ಭುಜದ ಮೇಲೆ ಎರಡು ನಕ್ಷತ್ರ, ಕಾಲಲ್ಲಿ ಬೆಳಿಗ್ಗೆ ಆರರಿಂದ ಬಿಚ್ಚದ ಬೂಟು, ಆದರೂ ನ್ಯಾಯಾಲಯದ ಈ ಕಿಟಕಿಯ ಮುಂದೆ ಎರವಲು ಕೇಳಲು ಬಂದವಳ ಹಾಗೆ. ಗಡಿಯಾರದಲ್ಲಿ ನಾಲ್ಕು ಹತ್ತು. ಬಂಧನವಾಗಿ ಇವತ್ತಿಗೆ ತೊಂಬತ್ತು ದಿನ, ಐದರೊಳಗೆ ಈ ಆರೋಪಪಟ್ಟಿಯ ಮೇಲೆ ಗುಮಾಸ್ತನ ಸೀಲು ಬೀಳದಿದ್ದರೆ ನಾಳೆ ಬೆಳಿಗ್ಗೆ ಬಟ್ಟೆ ಕಾರ್ಖಾನೆಯ ಮಾಲೀಕ ಕೇಳಿದ್ದೇ ತಡ ಜಾಮೀನು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೈಲಿನಿಂದ ಹೊರಗೆ ಬರುತ್ತಾನೆ, ಬಂದವನು ಮೊದಲು ಸಾಕ್ಷಿಯ ಮನೆಗೇ ಹೋಗುತ್ತಾನೆ. ಇದು ಗುಮಾಸ್ತನಿಗೆ ಗೊತ್ತಿಲ್ಲವೇ, ಗೊತ್ತು, ಗೊತ್ತಿದ್ದೇ ಸ್ಪಂಜಿಗೆ ಒತ್ತುತ್ತಾನೆ. ಇಲ್ಲಿಯವರೆಲ್ಲ ಅವನನ್ನು ಅಲ್ಪವಿರಾಮ ಎನ್ನುತ್ತಾರೆ, ಒಂದು ಅಲ್ಪವಿರಾಮ ತಪ್ಪಿದರೂ ಕಡತ ವಾಪಸ್ಸು ಕಳಿಸುವ ಮಹಾನುಭಾವ, ಪೂರ್ಣವಿರಾಮ ಅವನ ಹಣೆಯಲ್ಲೇ ಬರೆದಿಲ್ಲ. ಮೇಡಂ, ನಲವತ್ತೊಂದನೇ ಪುಟ ಎರಡು ಸಲ ಬಂದಿದೆ. ತಿದ್ದಿ ಸಹಿ ಹಾಕ್ತೀನಿ ಸಾರ್. ಒಂದು ತಿದ್ದಿದ್ರೆ ಮುಂದಿಂದೆಲ್ಲಾ ತಿದ್ದಬೇಕಾಗುತ್ತಲ್ಲ. ಹಾಗಾದ್ರೆ ನಲವತ್ತೊಂದು-ಎ ಅಂತ ಮಾಡ್ಲಾ. ಅವನು ಕನ್ನಡಕ ಹಣೆಗೇರಿಸಿ ಛಾವಣಿ ನೋಡುತ್ತಾನೆ, ಫ್ಯಾನು ಮೂರು ಸುತ್ತು ಸುತ್ತುತ್ತದೆ, ಮಾಡಬಹುದು. ಮಾಡಬಹುದಂತೆ. ದೇವರು ಕೊಟ್ಟರೂ ಪೂಜಾರಿ ಕೊಡ ಅಂದವನು ಈ ಕಿಟಕಿಯಲ್ಲಿ ಒಂದು ದಿನವಾದರೂ ನಿಂತಿರಬೇಕು.

ಜೇಬಿನಲ್ಲಿ ಫೋನು ನಡುಗುತ್ತದೆ, ಠಾಣೆಯ ಸಾಹೇಬರು, ಎತ್ತುವುದಿಲ್ಲ, ಬೆಳಿಗ್ಗೆ ಬಾಗಿಲು ಹಾಕಿಸಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ — ನೋಡಮ್ಮ, ಆ ಹುಡುಗಿ ಸತ್ತ ಗೋದಾಮಿನ ಕೀಲಿ ಇದ್ದದ್ದು ಕಾವಲುಗಾರನ ಜೇಬಲ್ಲಿ, ಬೀಗ ಹಾಕಿದ್ದೂ ಅವನೇ, ಅವನ ಮೇಲೆ ಸಲ್ಲಿಸಿಬಿಡು, ಮಾಲೀಕಂದು ಆಮೇಲೆ ಹೆಚ್ಚುವರಿ ಪಟ್ಟಿಲಿ ಸೇರಿಸಿದ್ರಾಯ್ತು, ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಆಮೇಲೆ. ಆ ಒಂದು ಪದದ ಹೊಟ್ಟೆಯಲ್ಲಿ ಎಷ್ಟು ಕಡತ ಕರಗಿಹೋಗಿವೆ ಎಂದು ಸಾಹೇಬರಿಗಿಂತ ಚೆನ್ನಾಗಿ ಬಲ್ಲವರು ಯಾರು. ಇಲ್ಲ ಸರ್, ಒಂದನೇ ಆರೋಪಿ ಮಾಲೀಕ, ಕಾವಲುಗಾರ ಒಂದನೇ ಸಾಕ್ಷಿ ಎಂದು ಬೆಳಿಗ್ಗೆಯೇ ಹೇಳಿದ್ದಳು, ಆದರೆ ಸಾಹೇಬರ ಮಾತು ಪೂರ್ತಿ ಸುಳ್ಳೂ ಅಲ್ಲ, ಕೀಲಿ ಅವನ ಜೇಬಿನಲ್ಲೇ ಇತ್ತು.

ಇದೇನು ಮೇಡಂ, ತೊಂಬತ್ತೇಳನೇ ಪುಟ, ಕಾಗೆ ಕೂತ ಹಾಗಿದೆ. ಫೋಟೋ ಸಾರ್, ಜೆರಾಕ್ಸಲ್ಲಿ ಕಪ್ಪಾಗಿದೆ. ಯಾವುದರ ಫೋಟೋ. ಬಾಚಣಿಗೆ. ನನಗಂತೂ ಕಾಣ್ತಿಲ್ಲ, ನನಗೆ ಕಾಣದ್ದು ನ್ಯಾಯಾಧೀಶರಿಗೆ ಹೇಗೆ ಕಾಣುತ್ತೆ, ಬೇರೆ ಹಾಕಿಸ್ಕೊಂಡು ಬನ್ನಿ. ಅವನ ಮಾತು ಸರಿ, ಸರಿಯಾಗಿರುವುದೇ ಮೈಯೆಲ್ಲ ಉರಿಸುತ್ತದೆ, ನಾಲ್ಕು ಇಪ್ಪತ್ತೆಂಟು, ಮೆಟ್ಟಿಲು ಇಳಿಯುತ್ತ, ರಸ್ತೆ ದಾಟುತ್ತ, ವಕೀಲರ ಕಪ್ಪು ಕೋಟುಗಳ ನಡುವೆ ನುಗ್ಗುತ್ತ, ಜೆರಾಕ್ಸ್ ಅಂಗಡಿಯವಳು ಯಾರದೋ ಬಾಡಿಗೆ ಕರಾರು ತೆಗೆಯುತ್ತಿದ್ದಾಳೆ, ಬೇಗ ಮಾಡಮ್ಮ, ಪೊಲೀಸ್ ಕೆಲಸ. ಅಕ್ಕ, ಪೊಲೀಸಿಗೂ ಅದೇ ಇಂಕು, ಕಾಯಿರಿ. ಕಾಯುತ್ತಾಳೆ. ಮೂಲ ಫೋಟೋ ಕೈಯಲ್ಲಿದೆ, ಅಳತೆಪಟ್ಟಿಯ ಪಕ್ಕ ಹಸಿರು ಬಾಚಣಿಗೆ, ಒಂಬತ್ತು ಹಲ್ಲು ಮುರಿದದ್ದು, ನೋಡಬಾರದು ಎಂದುಕೊಂಡರೂ ನೋಡುತ್ತಾಳೆ, ನೋಡಿದರೆ ಕಾವಲುಗಾರನ ದನಿ — ಬಟ್ಟೆ ಮಡಚೋ ಹುಡುಗಿ ಒಬ್ಬಳೇ ಒಳಗಿದ್ದಳು ಮೇಡಂ, ಕೆಲಸದ ಹೊತ್ತಲ್ಲಿ ಹೊರಗೆ ಹೋಗಬಾರದು ಅಂತ ಧಣಿ ಬೀಗ ಹಾಕಿಸ್ತಿದ್ರು, ಇಸ್ತ್ರಿಪೆಟ್ಟಿಗೆ ಹತ್ರ ಕಿಡಿ ಹಾರಿ ಹೊಗೆ ಎದ್ದಿತು, ಧಣಿಗೆ ಫೋನ್ ಮಾಡಿದೆ, ತೆಗೀಬೇಡ ಅಂದ್ರು, ಹೊಗೆ ಅನ್ನೋದು ನೆಪ, ಬಟ್ಟೆ ಕದ್ದು ಓಡ್ತಾಳೆ, ನಾನೇ ಬರ್ತೀನಿ ಅಂದ್ರು. ನೀನೇನ್ ಮಾಡ್ದೆ. ನಿಂತಿದ್ದೆ. ಎಷ್ಟು ಹೊತ್ತು. ಲೆಕ್ಕ ಹೇಳಿದ್ದು ಫೋನಿನ ದಾಖಲೆ, ಮೊದಲ ಕರೆಯಿಂದ ಧಣಿ ತೆಗಿ ಎಂದ ಎರಡನೇ ಕರೆಯವರೆಗೆ ಹನ್ನೊಂದು ನಿಮಿಷ. ಕದದ ಸಂದಿಯಿಂದ ಬಾಚಣಿಗೆ ಹೊರಗೆ ಬಂತು ಮೇಡಂ, ಚಿಲಕ ಎತ್ತೋಕೆ ನೋಡ್ತಿದ್ದಳು, ಹೊರಗೆ ಬೀಗ ಬಿದ್ದಿದೆ ಅಂತ ಅವಳಿಗೆ ಗೊತ್ತಿರಲಿಲ್ಲ, ಮೇಲೆ ಕೆಳಗೆ, ಮೇಲೆ ಕೆಳಗೆ. ನೀನು ನೋಡ್ತಾ ನಿಂತಿದ್ದೆಯಾ. ಇಪ್ಪತ್ತೆರಡು ವರ್ಷದಿಂದ ಧಣಿ ಹೇಳದೆ ಬಾಗಿಲು ತೆಗೆದಿಲ್ಲ ಮೇಡಂ. ಅವತ್ತು ಅವನ ಕೆನ್ನೆಗೆ ಬಾರಿಸಬೇಕೆಂದು ಎತ್ತಿದ ಕೈಯಿಂದ ಅವಳು ತನ್ನ ಪೆನ್ನಿನ ಮುಚ್ಚಳ ತೆಗೆದಿದ್ದಳು, ಹೇಳಿಕೆ ಬರೆದುಕೊಂಡಳು, ಆರೋಪಿ ಮಾಡಿದರೆ ಇವನು ಬಾಯಿ ಮುಚ್ಚುತ್ತಾನೆ, ಇವನು ಬಾಯಿ ಮುಚ್ಚಿದರೆ ತೆಗೀಬೇಡ ಎಂಬ ಮಾತು ಕೋರ್ಟಿಗೆ ಬರುವುದೇ ಇಲ್ಲ, ಮಾಲೀಕ ನುಣುಚಿಕೊಳ್ಳುತ್ತಾನೆ, ಸಾಕ್ಷಿ ಮಾಡಿದರೆ ಇವನು ಮನೆಗೆ ಹೋಗಿ ಉಂಡು ಮಲಗುತ್ತಾನೆ. ಯಾವ ಕಾಯಿದೆ ಪುಸ್ತಕ ತೆರೆದರೂ ಮೂರನೇ ದಾರಿ ಸಿಗಲಿಲ್ಲ. ಅಕ್ಕ, ಚೆನ್ನಾಗಿ ಬಂತು ನೋಡಿ, ಹಲ್ಲೂ ಎಣಿಸಬಹುದು.

ನಾಲ್ಕು ಐವತ್ತು, ಮೆಟ್ಟಿಲು ಎರಡೆರಡು ಹಾರಿ, ಅಲ್ಪವಿರಾಮ ಕಿಟಕಿಯ ಅರ್ಧ ಬಾಗಿಲು ಆಗಲೇ ಎಳೆದಿದ್ದಾನೆ, ಅವಳು ಸಂದಿಯಲ್ಲಿ ಕೈ ತೂರಿಸುತ್ತಾಳೆ, ಅವನು ಹಾಳೆ ನೋಡುತ್ತಾನೆ, ಬೆಳಕಿಗೆ ಹಿಡಿದು ನೋಡುತ್ತಾನೆ, ಮೊದಲ ಸಲ ಸ್ಪಂಜು ಮರೆಯುತ್ತಾನೆ, ಇದರಲ್ಲೇನಾ ಮೇಡಂ ಆ ಹುಡುಗಿ ಚಿಲಕ ಎತ್ತೋಕೆ ನೋಡಿದ್ದು. ಇದರಲ್ಲೇ. ಮತ್ತೇನೂ ಕೇಳದೆ ದಿನಾಂಕ ತಿರುಗಿಸಿ ಸೀಲು ಒತ್ತುತ್ತಾನೆ, ಒಂದು, ಎರಡು, ಮೂರು ಪ್ರತಿಗೆ, ಸ್ವೀಕೃತಿ ಚೀಟಿ ಹರಿದು ಕೊಡುತ್ತಾನೆ. ಆಯ್ತು. ತೊಂಬತ್ತು ದಿನ ನಾಯಿಯ ಹಾಗೆ ಅಲೆದದ್ದು ಅಂಗೈಯಗಲದ ಒಂದು ಚೀಟಿ. ಬೆನ್ನು ಗೋಡೆಗೆ ಒರಗಿಸಿ ಉಸಿರು ಬಿಡಬೇಕು, ಫೋನು, ಸಾಹೇಬರಾದರೆ ಬೈಯಲಿ, ಬೈದು ವರ್ಗ ಮಾಡಲಿ, ಸೀಲು ಬಿದ್ದಾಗಿದೆ. ಸಾಹೇಬರಲ್ಲ, ಹುಡುಗಿಯ ಅಮ್ಮ. ಕೋರ್ಟಿಗೆ ಕೊಟ್ರಾ ತಾಯಿ. ಕೊಟ್ಟೆನಮ್ಮ, ಈಗ ತಾನೇ. ಬಿಡಲ್ಲ ಅಲ್ವಾ ಅವನನ್ನ. ಸುಲಭಕ್ಕೆ ಬಿಡಲ್ಲಮ್ಮ. ಆ ಬಾಚಣಿಗೆ ನಂದು, ಅವತ್ತು ಅವಳದು ಸಿಗಲಿಲ್ಲ ಅಂತ ನಂದು ಚೀಲಕ್ಕೆ ಹಾಕ್ಕೊಂಡು ಹೋದಳು, ಯಾವಾಗ ಕೊಡ್ತೀರಿ. ವಿಚಾರಣೆ ಮುಗಿಯಲಮ್ಮ, ಕೇಳಿ ಕೊಡಿಸ್ತೀನಿ. ಆ ಕಡೆ ಮೂಗು ಒರೆಸಿದ ಸದ್ದು. ಮತ್ತೆ, ಇಬ್ಬರ ಹೆಸರೂ ಹಾಕಿದೀರಲ್ಲಾ ತಾಯಿ, ಬೀಗ ಹಾಕಿಸಿದವನದು, ಕೀಲಿ ಇಟ್ಟುಕೊಂಡು ನಿಂತವನದು — ಹೇಳಬೇಕು, ಬಿಡಿಸಿ ಹೇಳಬೇಕು, ಸಾಕ್ಷಿ ಎಂದರೆ ಏನು, ಯಾಕೆ ಬೇಕು, ಒಬ್ಬನನ್ನು ಹಿಡಿಯಲು ಇನ್ನೊಬ್ಬನನ್ನು ಬಿಡಬೇಕಾಯಿತು ಎಂದು, ತಾಯಿ, ಇದ್ದೀರಾ, ಇದ್ದಾಳೆ, ಕೇಳುತ್ತಿದ್ದಾಳೆ, ಬೆರಳಗಲದ ಸಂದಿ, ಹೊಗೆ, ಹಸಿರು ಬಾಚಣಿಗೆ, ಮೇಲೆ, ಕೆಳಗೆ, ಮೇಲೆ —