ತೊಟ್ಟಿಲ ಅಂಚಿನ ಕೊನೆಯ ಗಿಳಿ

ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡಿ ಮಾರುವ ಗುಡದಪ್ಪನ ಮನೆಯಲ್ಲಿ ತೊಟ್ಟಿಲ ಮೇಲಿನ ದೊಡ್ಡ ಚಿತ್ರಗಳೆಲ್ಲ ಗುಡದಪ್ಪನವು, ಸುತ್ತಲಿನ ಅಂಚು ಅವನ ಹೆಂಡತಿ ಫಕೀರವ್ವನದು. ಬಾಗಿ ಬಳಸಿದ ಆ ಹಳದಿ ಅಂಚಿನ ಉದ್ದಕ್ಕೂ ಸಾಲುಗಟ್ಟಿದ ಹಸಿರು ಗಿಳಿಗಳು. ಮೂವತ್ತು ವರ್ಷ ಆಕೆ ಅಳತೆಪಟ್ಟಿ ಮುಟ್ಟಿದವಳಲ್ಲ. ಇನ್ನೂ ಹತ್ತು ಗಿಳಿ ಬಾಕಿ ಇರುವಾಗಲೇ ಮುಂದೆ ಜಾಗ ಸಾಲದೆಂದು ಆಕೆಯ ಕಣ್ಣಿಗೆ ತಿಳಿಯುತ್ತಿತ್ತು. ಅಲ್ಲಿಂದಲೇ ಒಂದೊಂದರ ಬಾಲ ಕೂದಲೆಳೆಯಷ್ಟು ಗಿಡ್ಡ ಮಾಡುತ್ತ ಬಂದು, ಕೊನೆಯ ಗಿಳಿಯ ಕೊಕ್ಕನ್ನು ಮೊದಲ ಗಿಳಿಯ ಬಾಲಕ್ಕೆ ಮುಟ್ಟಿಸುತ್ತಿದ್ದಳು.

ಎಂಬತ್ತಾರನೆಯ ಇಸವಿಯಲ್ಲಿ ಗುಡದಪ್ಪ ದವಾಖಾನೆಯಿಂದ ಹಳೆಯ ಎಕ್ಸ್‌ರೇ ಹಾಳೆಯೊಂದನ್ನು ತಂದ. ಯಾರದೋ ಪಕ್ಕೆಲುಬಿನ ನಡುವೆ ಗಿಳಿಯ ಆಕಾರ ಕತ್ತರಿಸಿ ಸೊಸೆ ಮಾದೇವಿಯ ಕೈಗೆ ಕೊಟ್ಟ.

“ಇದನ್ನ ಇಟ್ಟು ಬಣ್ಣ ಒತ್ತೋದು, ಮುಂದ ಸರಿಸೋದು. ನಿಮ್ಮತ್ತಿ ಎರಡ ದಿನ ಮಾಡೋ ಕೆಲಸ ಎರಡ ತಾಸಿನಾಗ ಮುಗೀತೈತಿ.”

“ಹಂಗಾರ ನಾ ಏನ ಮಾಡ್ಲಿ?” ಫಕೀರವ್ವ ಕೇಳಿದಳು.

“ಸಾಕ ಮಾಡು ಇನ್ನ. ಆರಾಮ ಕುಂಡ್ರು.”

ಆರಾಮವಂತೆ ಆರಾಮ! ಆ ಮನೆಯಲ್ಲಿ ತನ್ನದು ಅಂತ ಆಕೆಗೆ ಇದ್ದದ್ದೇ ಆ ಅಂಚು. ಅದೂ ಹೋದರೆ ಒಲೆಯ ಮುಂದಿನ ಜಾಗವೊಂದೇ.

ಮೊದಲ ತೊಟ್ಟಿಲು ತಿರ್ಲಾಪುರದ ಶಂಭುಲಿಂಗಪ್ಪನದು. ಮಾದೇವಿಯ ಗಿಳಿಗಳು ಅಚ್ಚು ಹೊಡೆದ ಹಾಗಿದ್ದವು, ಸುಳ್ಳು ಹೇಳಬಾರದು. ಆದರೆ ಹಾಳೆಗೆ ಮುಂದಿನದು ಕಾಣುತ್ತದೆಯೇ? ಸುತ್ತು ಮುಗಿದಾಗ ಎರಡು ಬೆರಳಿನಷ್ಟು ಜಾಗ ಉಳಿಯಿತು. ಇನ್ನೊಂದು ಗಿಳಿ ಹಿಡಿಸದು, ಹಾಗೇ ಬಿಟ್ಟರೆ ಹಲ್ಲು ಉದುರಿದ ಬಾಯಿ. ಮರುದಿನವೇ ಗಿರಾಕಿ ಬರುವವನು. ಮಾದೇವಿಯ ಕಣ್ಣಲ್ಲಿ ನೀರಾಡಿತು. ಆಗಬೇಕಾದದ್ದೇ ಎಂದು ಫಕೀರವ್ವನಿಗೆ ಒಳಗೊಳಗೇ ಖುಷಿಯಾಯಿತು. ಆದರೂ ಹಾಳಾದ ಕೈ ಸುಮ್ಮನಿರಬೇಕಲ್ಲ! ಕುಂಚ ಅದ್ದಿ ಆ ಸಂದಿಯಲ್ಲಿ ಒಂದು ಮರಿಗಿಳಿ ಬರೆದುಬಿಟ್ಟಿತು.

“ಅಯ್ಯ, ಮರಿ ಅಗದಿ ಛಲೋ ಐತ್ರಿ!” ಎಂದ ಶಂಭುಲಿಂಗಪ್ಪ.

ಗುಡದಪ್ಪ ಅವತ್ತೇ ಕಾಯ್ದೆ ಮಾಡಿದ. “ಗಿಳಿ ಮಾದೇವಿ ಹಾಕ್ಲಿ. ಕಡೀಕ ಉಳಿದ ಸಂದಿಗೆ ನೀ ಮರಿ ಹಾಕು.”

ಹೀಗೆ ಫಕೀರವ್ವನ ಪಾಲಿಗೆ ತೊಟ್ಟಿಲಿಗೊಂದು ಮರಿ ಉಳಿಯಿತು. “ಅತ್ತೀ, ಬರ್ರಿ, ಜಾಗ ಉಳದೈತಿ” ಎಂದು ಮಾದೇವಿ ಪಡಸಾಲೆಯಿಂದ ಕೂಗಿದರೆ ಸಾಕು, ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟು ಏಳುತ್ತಿದ್ದಳು.

ದೀಪಾವಳಿ ಇನ್ನೆರಡು ದಿನವಿದೆ ಎನ್ನುವಾಗ ಒಂದು ತೊಟ್ಟಿಲಿಗೆ ಕೂಗು ಬರಲಿಲ್ಲ. ಫಕೀರವ್ವ ತಾನೇ ಹೋಗಿ ಬಾಗಿಲಲ್ಲಿ ನಿಂತು ನೋಡಿದಳು. ಆ ತೊಟ್ಟಿಲಿನ ಅಂಚು ಗಿಳಿಗಳಿಗೆ ಸರಿಯಾಗಿ ಹೊಂದಿಬಿಟ್ಟಿತ್ತು. ಕೊನೆಯ ಕೊಕ್ಕು ಮೊದಲ ಬಾಲಕ್ಕೆ ಮುಟ್ಟಿತ್ತು, ಎಲ್ಲೂ ಸಂದಿಯಿಲ್ಲ. ಮುಗಿಯಿತು ಅಂದುಕೊಂಡು ತಿರುಗಿ ಬಂದು ಒಲೆಯ ಮುಂದೆ ಕೂತಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ್ದೂ ತಿಳಿಯಲಿಲ್ಲ.

“ಅತ್ತೀ, ಬರ್ರಿ, ಜಾಗ ಉಳದೈತಿ.”

ಹೋಗಿ ನೋಡಿದರೆ, ಕೊನೆಯ ಗಿಳಿ ಇದ್ದ ಕಡೆ ಬರೀ ಹಳದಿ ಬಣ್ಣ. ಮಾದೇವಿಯ ಸೆರಗಿನ ತುದಿಗೆ ಹಸಿರು ಬಣ್ಣ ಮೆತ್ತಿತ್ತು. ಬಾಜುವಿನಲ್ಲಿ ಕೂತ ಗುಡದಪ್ಪ ತನ್ನ ಚಿತ್ರದಿಂದ ತಲೆಯೆತ್ತಲಿಲ್ಲ.

“ಮರಿಗೆ ಭಾಳ ದೊಡ್ಡದಾತಲ್ಲ ಬೇ ಇದು?” ಎಂದಳು ಫಕೀರವ್ವ.

“ಹೌದ್ರಿ. ದೊಡ್ಡದ ಬರೀರಿ.”

ಫಕೀರವ್ವ ಕುಂಚವನ್ನು ಹಸಿರಿಗೆ ಅದ್ದಿ, ಬಾಲದಿಂದ ಶುರು ಮಾಡಿದಳು.