ಹಿಂದಿನ ಎಡ ಚಕ್ರ

ಬುಧವಾರ ಸಂಜೆ ಹಾಸನದ ಬಿ.ಎಂ. ರಸ್ತೆಯಲ್ಲಿ ನಟರಾಜು ತನ್ನ ಕಾರಿನ ಚಕ್ರವನ್ನು ಫುಟ್‌ಪಾತಿನ ಅಂಚುಗಲ್ಲಿಗೆ ಉಜ್ಜಿಬಿಟ್ಟ.

ತಪ್ಪು ಅವನದೇ. ಔಷಧಿ ಅಂಗಡಿಯ ಮುಂದೆ ನಿಲ್ಲಿಸಲು ಹೋದಾಗ ಹಿಂದಿನಿಂದ ಬಸ್ಸೊಂದು ಹಾರನ್ ಹೊಡೆಯಿತು. ಗಡಿಬಿಡಿಯಲ್ಲಿ ಸ್ಟೇರಿಂಗನ್ನು ಎಡಕ್ಕೆ ಎಳೆದ. ಹಲ್ಲು ಜುಮ್ಮೆನ್ನುವಂಥ ಸದ್ದಾಯಿತು. ಇಳಿದು ನೋಡಿದರೆ ಮುಂದಿನ ಎಡ ಚಕ್ರದ ಅಲಾಯ್ ಅಂಚು ಗೇಣುದ್ದ ಕೆರೆದುಹೋಗಿ ಒಳಗಿನ ಬಿಳಿ ಲೋಹ ಕಾಣುತ್ತಿತ್ತು. ಕಲ್ಲು ತಾಗದಿರಲೆಂದು ಅಂಚಿಗೆ ಅಂಟಿಸಿದ್ದ ರಬ್ಬರ್ ಪಟ್ಟಿ ಕಿತ್ತು ನೇತಾಡುತ್ತಿತ್ತು.

ಅಮ್ಮನ ಬಿ.ಪಿ. ಮಾತ್ರೆ ತೆಗೆದುಕೊಳ್ಳುವುದನ್ನೇ ಮರೆತು ಅವನು ಹೊಳೆನರಸೀಪುರದ ಮನೆಯ ದಾರಿ ಹಿಡಿದ. ದಾರಿಯುದ್ದಕ್ಕೂ ಒಂದೇ ಯೋಚನೆ: ಶೋಭಿತಾಗೆ ಏನು ಹೇಳುವುದು?

ನಟರಾಜು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಹೆಂಡತಿ ಶೋಭಿತಾ ಅರಕಲಗೂಡು ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿ. ಎರಡು ವರ್ಷದ ಹಿಂದೆ ಇಬ್ಬರೂ ಸೇರಿ ಈ ಕಾರು ಕೊಂಡಿದ್ದರು. ಸೆಕೆಂಡ್ ಹ್ಯಾಂಡ್ ಆದರೂ ಚಕ್ರಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಅವರ ಬೀದಿಗೆ ಬಂದ ಮೊದಲ ಕಾರು ಅದು. ನೋಡಿದವರೆಲ್ಲ ಹೊಸದೇ ಅಂದುಕೊಂಡರು. ನಟರಾಜು ಅಲ್ಲ ಎನ್ನಲು ಹೋಗಲಿಲ್ಲ.

ಶೋಭಿತಾ ಲೈಸೆನ್ಸ್ ಮಾಡಿಸಿದಳು. ಆ ತಿಂಗಳೇ ಒಂದು ಭಾನುವಾರ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೋಗಿ ಬಂದಳು. ಮರುದಿನ ಕಾರು ತೊಳೆಯುವಾಗ ನಟರಾಜುವಿನ ಕಣ್ಣಿಗೆ ಹಿಂದಿನ ಎಡ ಚಕ್ರದ ಅಂಚಿನಲ್ಲಿ ಒಂದು ಗುಳಿ ಬಿದ್ದಿತು.

"ನಿನ್ನೆ ಸೀರೆ ಅಂಗ್ಡಿ ಮುಂದೆ ಕಲ್ಲಿಗೆ ತಾಗ್ಸಿದೀಯ."

"ಇಲ್ಲ ಕಣ್ರೀ. ತಾಗಿದ್ರೆ ಗೊತ್ತಾಗ್ತಿರ್ಲಿಲ್ವಾ? ನೀವೂ ಪಕ್ಕದಲ್ಲೇ ಇದ್ರಲ್ಲ."

"ಹಂಗಾದ್ರೆ ತಾನೇ ಕಿತ್ಕೊಂಡ್ತಾ? ಸುಳ್ಳು ಯಾಕೆ ಹೇಳ್ತೀಯ?"

ಸುಳ್ಳು ಎಂದ ಮಾತು ಕೇಳಿ ಅವಳು ಒಳಗೆ ಹೋದಳು. ಮಾರನೆಯ ದಿನದಿಂದ ಬೆಳಿಗ್ಗೆ ಏಳೂವರೆಗೆ ಬಸ್ ಸ್ಟ್ಯಾಂಡಿಗೆ ನಡೆದು, ಅರಕಲಗೂಡು ಬಸ್ ಹತ್ತತೊಡಗಿದಳು. ಕಾರಿನ ಕೀಲಿಯನ್ನು ಮತ್ತೆ ಕೇಳಲಿಲ್ಲ. ನಟರಾಜು ಗುಳಿಗೆ ಬೆಳ್ಳಿ ಬಣ್ಣ ಹಚ್ಚಿ ನಾಲ್ಕೂ ಚಕ್ರಕ್ಕೆ ರಬ್ಬರ್ ಪಟ್ಟಿ ಹಾಕಿಸಿದ. ಅದನ್ನು ಬಂದವರಿಗೆಲ್ಲ ತೋರಿಸಿ, "ನಮ್ಮನೆಯವ್ಳು ಒಂದ್ಸಲ ಉಜ್ಬುಟ್ಳು, ಅದಕ್ಕೇ" ಎಂದು ನಗುತ್ತಿದ್ದ. ಅವಳು ಅಲ್ಲೇ ಇದ್ದಾಗಲೂ.

ಈಗ ಉಜ್ಜಿಕೊಂಡು ಬಂದವನು ಅವನೇ.

ಆ ಸಂಜೆ ಕಾರನ್ನು ಎಂದಿನಂತೆ ನಿಲ್ಲಿಸದೆ, ಎಡಗಡೆ ಕಾಂಪೌಂಡ್ ಗೋಡೆಗೆ ಒತ್ತಿಕೊಳ್ಳುವಂತೆ ತಿರುಗಿಸಿ ನಿಲ್ಲಿಸಿದ. ಮಾತ್ರೆ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ ಎಂದ. ಊಟಕ್ಕೆ ಕೂತವನು ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದ. ಗುರುವಾರ ಬೆಳಿಗ್ಗೆ ಶೋಭಿತಾ ಚೀಲ ಹೆಗಲಿಗೇರಿಸಿ ಕಾರಿನ ಪಕ್ಕ ಹಾದುಹೋಗುವಾಗ ಅವನು ಕಾಫಿ ಲೋಟ ಹಿಡಿದು ಬಾಗಿಲಿಂದ ನೋಡುತ್ತಿದ್ದ. ಅವಳು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಶುಕ್ರವಾರ ತರಗತಿಯಲ್ಲಿ ಬಿಡಿಸಿದ ಲೆಕ್ಕವನ್ನೇ ಮತ್ತೆ ಬೋರ್ಡಿನ ಮೇಲೆ ಬರೆದ. ಮನೆಗೆ ಬಂದು ಕಾಂಪೌಂಡಿನಲ್ಲಿ ಸುತ್ತು ಹೊಡೆಯುತ್ತಿದ್ದವನನ್ನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ತಾಯಿ ಮಾಯಮ್ಮ ಗಮನಿಸಿದಳು.

"ಏನ್ಲಾ ನಟ್ರಾಜ, ಮೂರ್ ದಿನದಿಂದ ನೋಡ್ತಾ ಇವ್ನಿ, ಒಂದ್ಕಡೆ ಕುಂತ್ಕಳಲ್ವಲ್ಲ. ಏನಾಗೈತ್ಲಾ?"

"ಏನಿಲ್ಲ ಸುಮ್ನಿರವ್ವ."

"ಏನಿಲ್ದೆ ಆ ಗ್ವಾಡೆ ಸಂದಿಗೆ ಯಾಕ್ಲಾ ಇಣುಕ್ತೀಯ? ಆವು ಗೀವು ಬಂದೈತಾ?"

ಶನಿವಾರ ಬೆಳಗಿನ ಶಾಲೆ. ಮುಗಿದ ಕೂಡಲೇ ಚನ್ನರಾಯಪಟ್ಟಣಕ್ಕೆ ಹೊರಟ. ಹಾಸನದಲ್ಲೂ ಅಲಾಯ್ ರಿಪೇರಿ ಮಾಡುವವರಿದ್ದರು, ಆದರೆ ಅಲ್ಲಿ ಗುರುತಿನವರು ಹೆಚ್ಚು. ಮನೆಯಲ್ಲಿ ಟ್ರೈನಿಂಗ್ ಇದೆ ಎಂದು ಹೇಳಿದ್ದ.

ಹೆದ್ದಾರಿ ಪಕ್ಕದ ಟೈರ್ ಅಂಗಡಿಯ ಕೆಂಚಯ್ಯ ಐವತ್ತು ದಾಟಿದ, ನಿಧಾನದ ಮನುಷ್ಯ. ಚಕ್ರ ಬಿಚ್ಚಿ, ಟೈರ್ ಕಳಚಿ, ಗಾಯವನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

"ರಬ್ಬರ್ ಹಾಕಿದ್ರೆ ಆಯ್ತು ಅಂದ್ಕಂಡ್ರಾ ಸಾ? ಅದು ಮೆತ್ತಗೆ ತಾಗಿದ್ರೆ ತಡೀತದೆ. ಇಂಗೆ ಜೋರಾಗಿ ಉಜ್ಜಿದ್ರೆ ಅದೂ ಓಯ್ತದೆ, ಅಂಚೂ ಓಯ್ತದೆ. ನಿಲ್ಸೋವಾಗ ಎಡಗಡೆ ಕನ್ನಡಿ ಒಸಿ ಕೆಳಕ್ಕೆ ಮಾಡ್ಕಳಿ, ಕಲ್ಲು ಕಾಣ್ತದೆ. ಒಂದಡಿ ದೂರ ಬುಡಿ. ಅಷ್ಟೇಯ."

"ಸಂಜೆ ಹೊತ್ಗೆ ಆಗುತ್ತಾ?"

"ಆಯ್ತದೆ. ಕುಂತ್ಕಳಿ ಸಾ, ಯಾಕಂಗೆ ಓಡಾಡ್ತೀರ?"

ನಟರಾಜು ಕುಳಿತ, ಎದ್ದ, ರಸ್ತೆಯಾಚೆ ಟೀ ಕುಡಿದು ಬಂದ. ಎಳನೀರು ತುಂಬಿದ ಲಾರಿಗಳು ಬೆಂಗಳೂರಿನ ಕಡೆ ಹೋಗುತ್ತಿದ್ದವು. ಕೆಂಚಯ್ಯ ಅಂಚನ್ನು ವೆಲ್ಡ್ ಮಾಡಿ, ಉಜ್ಜಿ, ಬಣ್ಣ ಹೊಡೆದು ಒಣಗಲು ಇಟ್ಟ. ಬಿಡುವಿನಲ್ಲಿ ಉಳಿದ ಚಕ್ರಗಳನ್ನು ನೋಡಲು ಕೂತವನು ಹಿಂದಿನ ಎಡ ಚಕ್ರದ ಬಳಿ ತಡೆದು, ಉಗುರಿನಿಂದ ಕೆರೆದ.

"ಈ ಕಾರು ಸೆಕೆಂಡ್ಸಾ ಸಾ?"

"ಹೌದು. ಯಾಕೆ?"

"ಇದ್ನ ಯಾವಾಗ್ಲೋ ಉಜ್ಜವ್ರೆ. ವೆಲ್ಡಿಂಗ್ ಮಾಡ್ದೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳ್ದವ್ರೆ, ಮಾರೋಕೆ ಅಂತ. ನೋಡಿಲ್ಲಿ."

ರಬ್ಬರ್ ಪಟ್ಟಿಯನ್ನು ಎಬ್ಬಿಸಿ ಸ್ಕ್ರೂಡ್ರೈವರಿನ ತುದಿ ಆಡಿಸಿದ. ಬೂದು ಬಣ್ಣದ ಪುಟ್ಟಿ ಒಣಗಿದ ಸುಣ್ಣದ ಹಾಗೆ ಉದುರಿತು. ಗುಳಿ ಅಲ್ಲಿಗೆ ನಿಲ್ಲಲಿಲ್ಲ. ಅಂಚಿನಗುಂಟ ಅಂಗೈ ಅಗಲಕ್ಕೂ ಹೆಚ್ಚು ಮುಂದಕ್ಕೆ ಹೋಗಿತ್ತು.

"ಇದು... ನಾವು ತಗೊಂಡ ಮೇಲೆ ಕಲ್ಲಿಗೆ ತಾಗಿ ಆದದ್ದಲ್ವಾ?"

"ಕಲ್ಲಿಗೆ ತಾಗಿದ್ರೆ ಗೀರು ಇರ್ಬೇಕಲ್ಲ ಸಾ. ಪಕ್ಕದ ಬಣ್ಣದ ಮೇಲೆ ಒಂದು ಗೀರೂ ಇಲ್ಲ. ಬಿಸ್ಲು, ನೀರು ಬಿದ್ದು ಪುಟ್ಟಿ ತಾನೇ ಕಿತ್ಕಂಡೈತೆ."

ನಟರಾಜು ಟೈರುಗಳ ರಾಶಿಯ ಮೇಲೆ ಕುಳಿತ. ಈ ಸಲ ಏಳಲಿಲ್ಲ. ಸೀರೆ ಅಂಗಡಿಯ ಮುಂದೆ ತಾನು ಅವಳ ಪಕ್ಕದಲ್ಲೇ ಇದ್ದೆ. ಸದ್ದು ಕೇಳಿರಲಿಲ್ಲ, ಕಾರು ಅದುರಿರಲಿಲ್ಲ. ಅದನ್ನೇ ಅವಳು ಹೇಳಿದ್ದಳು. ಮಕ್ಕಳು ಒಂದು ಹೆಜ್ಜೆ ಹಾರಿಸಿ ಉತ್ತರ ಬರೆದರೆ ಸೊನ್ನೆ ಕೊಡುವ ತಾನು, ಬಗ್ಗಿ ಒಮ್ಮೆ ಉಗುರು ತಾಗಿಸಿಯೂ ನೋಡಿರಲಿಲ್ಲ.

ಅವನು ಮನೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಕೆಂಚಯ್ಯ ಎರಡೂ ಚಕ್ರಗಳನ್ನು ಸರಿಮಾಡಿ ಕೊಟ್ಟಿದ್ದ. ಏನೂ ಹೇಳದಿದ್ದರೂ ನಡೆಯುತ್ತಿತ್ತು. ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತಾಗ ಅದೂ ಮನಸ್ಸಿಗೆ ಬಂತು. ಶೋಭಿತಾ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ಶೋಭಿ, ಟ್ರೈನಿಂಗ್ ಇರ್ಲಿಲ್ಲ. ಕಾರು ರಿಪೇರಿಗೆ ಹೋಗಿದ್ದೆ. ಬುಧವಾರ ಹಾಸನದಲ್ಲಿ ನಾನೇ ಕಲ್ಲಿಗೆ ಉಜ್ಜಿದ್ದೆ."

"ಗೊತ್ತು," ಎಂದಳು ಅವಳು, ಕೈ ನಿಲ್ಲಿಸದೆ. "ಗೋಡೆ ಕಡೆಗೆ ನಿಲ್ಸಿದಾಗ್ಲೇ ಅಂದ್ಕೊಂಡೆ."

"ಇನ್ನೊಂದಿದೆ. ಹಿಂದಿನ ಚಕ್ರ... ಅವತ್ತು ನೀನು ಮಾಡಿದ್ದಲ್ಲ. ಹಳೇ ಗಾಯಕ್ಕೆ ಪುಟ್ಟಿ ತುಂಬಿದ್ರಂತೆ, ಅದು ಬಿದ್ದೋಗಿತ್ತು. ನಾನು ಸುಮ್ಸುಮ್ನೆ ನಿನ್ಮೇಲೆ ಹಾಕ್ದೆ."

ಅವಳ ಕೈ ಈಗ ನಿಂತಿತು. ಟವೆಲನ್ನು ಎದೆಗೆ ಒತ್ತಿಕೊಂಡು ಅವನನ್ನು ನೋಡಿದಳು.

"ಅವತ್ತು ತಾಗಿಲ್ಲ ಅಂತ ನಂಗೆ ಗ್ಯಾರಂಟಿ ಇತ್ತು. ನೀವು ಎಲ್ರ ಮುಂದೆ ಹೇಳಿ ಹೇಳಿ, ಆರು ತಿಂಗಳಾದ್ಮೇಲೆ ನಾನೇ ನಂಬ್ಬಿಟ್ಟೆ ಕಣ್ರೀ. ತಾಗಿರ್ಬೇಕು, ನಂಗೇ ತಿಳೀಲಿಲ್ಲ ಅಂತ. ಗಾಡಿ ಬಿಡೋಕೆ ನಾನು ಲಾಯಕ್ಕಿಲ್ಲ ಅಂತ. ಬಸ್ಸಲ್ಲಿ ನಿಂತ್ಕೊಂಡು ಹೋಗೋವಾಗ ದಿನಾ ಅದೇ ಯೋಚ್ನೆ. ಚಕ್ರ ರಿಪೇರಿ ಮಾಡ್ಸಿದ್ರಿ. ಇದಕ್ಕೇನು ಮಾಡ್ತೀರ?"

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಮಾಯಮ್ಮ, "ಕೀಲಿ ಕೊಡ್ಲಾ ಅವ್ಳ ಕೈಗೆ. ಇನ್ನೇನ್ ನೋಡ್ತಾ ನಿಂತಿದೀಯ?" ಎಂದು ಕೂಗಿದಳು.

ಭಾನುವಾರ ಸಂಜೆ ಶೋಭಿತಾ ಒಬ್ಬಳೇ ಕಾರು ತೆಗೆದು, ಊರಾಚೆ ಖಾಲಿ ಮೈದಾನದಲ್ಲಿ ಒಂದು ಗಂಟೆ ಓಡಿಸಿ ಬಂದಳು. ಸೋಮವಾರ ಏಳೂಮುಕ್ಕಾಲಿಗೆ ಅರಕಲಗೂಡಿಗೆ ಹೊರಟಳು. ಕನ್ನಡಿ ಕೆಳಕ್ಕೆ ಮಾಡಿಕೊಳ್ಳುವ ವಿಷಯ ಹೇಳಲು ನಟರಾಜು ಬಾಯಿ ತೆರೆದ. ಅವಳು ಗಾಜು ಏರಿಸಿದಳು.

ಅಂದು ಬಸ್ಸಿನಲ್ಲಿ ನಿಂತು ಶಾಲೆಗೆ ಹೋದವನಿಗೆ ಇಡೀ ದಿನ ಸಮಾಧಾನವಿಲ್ಲ. ಸ್ಟಾಫ್ ರೂಮಿನಲ್ಲಿ ಫೋನ್ ತೆಗೆಯುವುದು, ಇಡುವುದು. ಈ ಆತಂಕ ಚಕ್ರಕ್ಕಾಗಿಯೋ ಅವಳಿಗಾಗಿಯೋ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಒಂದು ಗಂಟೆ ಹೀಗಿದ್ದರೆ ಇನ್ನೊಂದು ಗಂಟೆ ಹಾಗಿರುತ್ತಿತ್ತು.

ಐದೂವರೆಗೆ ಕಾರು ಗೇಟಿನೊಳಗೆ ಬಂತು. ಶೋಭಿತಾ ಇಳಿದು, ಬಾಗಿಲು ಹಾಕಿ, ನೇರ ಅವನೆದುರು ನಿಂತಳು.

"ಹಿಂದ್ಗಡೆ ಚಕ್ರ ಮೋರಿ ಕಲ್ಲಿಗೆ ತಾಗ್ತು. ಎಡಗಡೇದೇ. ಇದು ನಾನೇ ಮಾಡಿದ್ದು."

ನಟರಾಜುವಿನ ಕಾಲು ಕಾರಿನ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟಿತು. ಅಲ್ಲೇ ನಿಲ್ಲಿಸಿದ.

"ನಿಂಗೇನೂ ಆಗಿಲ್ವಾ?"

"ನಂಗೇನಾಗುತ್ತೆ? ಇವತ್ತು ಮೂರು ಅಂಗನವಾಡಿ ನೋಡಿದೆ ಕಣ್ರೀ. ಬಸ್ಸಲ್ಲಾದ್ರೆ ಒಂದೇ ಆಗ್ತಿತ್ತು. ಕಾಡಂಚಿನ ಕಡೆ ಒಂದು ಕೇಂದ್ರ ಇದೆ, ಬಸ್ಸೇ ಹೋಗಲ್ಲ, ಹೋದ ವರ್ಷದಿಂದ ಯಾರೂ ಅಲ್ಲಿಗೆ ಹೋಗಿರ್ಲಿಲ್ಲ. ನನ್ನ ನೋಡಿ ಟೀಚರ್ ಗುರುಸಿದ್ದಮ್ಮ ಅತ್ತೇಬಿಟ್ಳು." ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಲೇ ಮಾತಾಡುತ್ತಿದ್ದಳು. "ಸೋಮವಾರ, ಬುಧವಾರ, ಶುಕ್ರವಾರ ಕಾರು ನಂಗೆ ಬೇಕು. ಮಿಕ್ಕಿದ ದಿನ ನೀವು ತಗೊಳ್ಳಿ."

"ಆಯ್ತು," ಎಂದ ನಟರಾಜು.

ಚಕ್ರ ಎಷ್ಟು ಕೆರೆದಿದೆಯೋ ನೋಡಬೇಕೆನ್ನುವುದು ಇನ್ನೂ ಮನಸ್ಸಿನಲ್ಲಿತ್ತು. ಅದನ್ನು ಹಾಗೇ ಇಟ್ಟುಕೊಂಡು, ಗುರುಸಿದ್ದಮ್ಮ ಯಾಕೆ ಅತ್ತಳು ಎಂದು ಕೇಳುತ್ತಾ ಅವಳ ಹಿಂದೆ ಅಡುಗೆಮನೆಗೆ ಹೋದ.