ಕೀ ತೆಗೆದ ಮೇಲೂ ತಿರುಗುವ ಫ್ಯಾನು

ನಮ್ಮ ಭಾವ ಎಂಜಿನ್ನಿನ ಜ್ವರವನ್ನು ಕೈಯಿಂದಲೇ ನೋಡುವವರು. ಬೇಕರಿಯ ಬ್ರೆಡ್ ವ್ಯಾನನ್ನು ಇಪ್ಪತ್ತಾರು ವರ್ಷ ಓಡಿಸಿದರು, ಆದರೆ ಅದರ ಬಿಸಿ ತೋರಿಸುವ ಮುಳ್ಳನ್ನು ಒಂದು ದಿನವೂ ನಂಬಲಿಲ್ಲ. ಗಾಡಿ ನಿಲ್ಲಿಸಿ, ಕೀ ತೆಗೆದು, ಬಾನೆಟ್ ಎತ್ತಿ, ಬಲಗೈಯನ್ನು ರೇಡಿಯೇಟರಿನ ಹಿಂದೆ ಇಳಿಸಿ ಕೆಳಗಿನ ರಬ್ಬರ್ ಪೈಪನ್ನು ಮುಟ್ಟುವರು. ಮಗುವಿನ ಹಣೆ ಮುಟ್ಟಿದ ಹಾಗೆ, ಬೆರಳುಗಳ ಹಿಂಬದಿಯಿಂದ. "ಮುಳ್ಳು ಸುಳ್ಳು ಹೇಳುತ್ತೆ, ಪೈಪು ಹೇಳಲ್ಲ" ಎನ್ನುವರು.

ಕೈ ಇಳಿಯುವ ದಾರಿಯಲ್ಲೇ ಫ್ಯಾನಿನ ರೆಕ್ಕೆಗಳಿದ್ದವು. ಅವುಗಳಿಂದ ಅಪಾಯವಿರಲಿಲ್ಲ. ಆ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿಗೇ ಕಟ್ಟಿದ್ದು. ಎಂಜಿನ್ ನಿಂತಿತೋ, ಅದೂ ನಿಂತಿತು.

ಅದನ್ನು ಕಿತ್ತು ಕರೆಂಟ್ ಫ್ಯಾನು ಕೂರಿಸಿದವನು ನಾನು.

ಗಾಡಿಗಳ ವೈರಿಂಗ್ ನನ್ನ ಕಸುಬು. ಅಕ್ಕನ ಮದುವೆಯಾದಾಗಿನಿಂದ ಭಾವನ ವ್ಯಾನಿನ ದೀಪ, ಹಾರನ್ನು, ಬ್ಯಾಟರಿ ಎಲ್ಲ ನನ್ನ ಕೈಯಲ್ಲೇ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏನೋ ಕರೆಂಟು" ಅಂತಲೇ ಮಾತು ಶುರು.

ಬ್ರೆಡ್ ವ್ಯಾನಿನ ಪಾಡು ಬೇರೆ ಗಾಡಿಗಳಂತಲ್ಲ. ಬೆಳಗಿನಿಂದ ನಲವತ್ತು ಅಂಗಡಿಗಳ ಮುಂದೆ ನಿಲ್ಲಬೇಕು. ಎಂಜಿನ್ ನಿಧಾನವಾಗಿ ಗುರುಗುಡುತ್ತಿದ್ದರೆ ಬೆಲ್ಟ್ ಫ್ಯಾನೂ ನಿಧಾನ, ಗಾಳಿ ಸಾಲದು, ನೀರು ಕುದಿಯುತ್ತದೆ. ಆ ಬೇಸಗೆಯಲ್ಲಿ ವಾರಕ್ಕೆ ಎರಡು ಸಲವಾದರೂ ಭಾವ ರಸ್ತೆ ಬದಿಯಲ್ಲಿ ಕೊಡ ಹಿಡಿದು ನಿಂತಿರುತ್ತಿದ್ದರು.

"ಭಾವ, ನಿಮ್ಮ ಫ್ಯಾನು ಕೆಲಸ ಇದ್ದಾಗ ತೂಕಡಿಸುತ್ತೆ, ಇಲ್ಲದಿದ್ದಾಗ ಓಡಾಡುತ್ತೆ" ಎಂದೆ ಒಂದು ದಿನ.

"ನಿನ್ನ ಹಾಗೆ ಅನ್ನು."

"ತಮಾಷೆ ಅಲ್ಲ. ಕರೆಂಟ್ ಫ್ಯಾನು ಹಾಕಿಕೊಡ್ತೀನಿ. ಬಿಸಿಯಾದಾಗ ತಾನೇ ತಿರುಗುತ್ತೆ, ತಣ್ಣಗಾದರೆ ತಾನೇ ನಿಲ್ಲುತ್ತೆ."

"ತಾನೇ ತಾನೇ ಅಂದ್ರೆ ನಾನು ಯಾಕೋ ಇರೋದು?"

ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಬೇಕರಿಗೆ ರಜೆಯಿದ್ದ ದಿನ ವ್ಯಾನು ನನ್ನ ಅಂಗಡಿಗೆ ಬಂತು. ನಾಲ್ಕು ಬೋಲ್ಟು ಬಿಚ್ಚಿ ಹಳೇ ಫ್ಯಾನನ್ನು ಇಳಿಸಿದೆ. ಗುಜರಿಗೆ ಹೋಗಿದ್ದ ಕಾರೊಂದರ ತಗಡಿನ ರೆಕ್ಕೆಯ ಫ್ಯಾನನ್ನು ಅದೇ ಜಾಗದಲ್ಲಿ, ರೇಡಿಯೇಟರಿಗೆ ಬಿಗಿದೆ. ರೇಡಿಯೇಟರಿನ ತೊಟ್ಟಿಗೆ ಬಿಸಿ ಅರಿಯುವ ಸ್ವಿಚ್ಚು, ನಡುವೆ ಸ್ವಿಚ್ಚು ಹೇಳಿದಾಗ ಫ್ಯಾನಿಗೆ ಕರೆಂಟು ಬಿಡುವ ರಿಲೇ, ಅದಕ್ಕೊಂದು ಫ್ಯೂಸು. ಉಳಿದದ್ದು ಒಂದೇ ತೀರ್ಮಾನ: ಕರೆಂಟನ್ನು ಎಲ್ಲಿಂದ ಎಳೆಯುವುದು? ಕೀ ಇರುವ ಕಡೆಯಿಂದ ಎಳೆದರೆ ಕೀ ತೆಗೆದ ಕೂಡಲೇ ಫ್ಯಾನು ಸಾಯುತ್ತದೆ. ನೇರ ಬ್ಯಾಟರಿಯಿಂದ ಎಳೆದರೆ ಗಾಡಿ ನಿಂತ ಮೇಲೂ ಬೇಕಾದಾಗ ತಿರುಗುತ್ತದೆ. ನಿಂತ ಎಂಜಿನ್ನಿನಲ್ಲಿ ಬಿಸಿ ಇನ್ನೂ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ, ಹಾಗಾಗಿ ಬ್ಯಾಟರಿಯಿಂದಲೇ ಎಳೆದೆ. ಕೆಲಸದಲ್ಲಿ ತಪ್ಪಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ರೆಕ್ಕೆಗಳ ಮುಂದೆ ಜಾಲರಿ ಕೂರಿಸಬೇಕಿತ್ತು. ಅಳತೆಯದು ಸಿಕ್ಕಿರಲಿಲ್ಲ. "ಮುಂದಿನ ವಾರ ಹಾಕಿದರಾಯ್ತು" ಎಂದೆ.

ಎಂಜಿನ್ ಶುರು ಮಾಡಿ, ಗಾಡಿ ನಿಂತಲ್ಲೇ ಕಾಯಿಸಿದೆವು. ಮುಳ್ಳು ಮೇಲೇರಿತು, ರಿಲೇ ಟಕ್ಕೆಂದಿತು, ಫ್ಯಾನು ಭರ್ರೆಂದಿತು, ಮುಳ್ಳು ವಿಧೇಯವಾಗಿ ಕೆಳಗಿಳಿಯಿತು. ನನಗೋ ಸಂಭ್ರಮ. ಬೇರೆ ಗಿರಾಕಿಗಳಿಗೆ ತೋರಿಸೋಣವೆಂದು ಫೋನಿನಲ್ಲಿ ಚಿತ್ರ ಹಿಡಿಯುತ್ತಾ ನಿಂತಿದ್ದೆ. ಹಿಂದಿನಿಂದ ಭಾವ ಕೇಳಿದರು:

"ಕೀ ತೆಗೆದ್ರೆ ನಿಲ್ಲುತ್ತಲ್ಲೋ?"

"ಹ್ಞೂಂ ಭಾವ" ಎಂದೆ. ಕಣ್ಣು ಫೋನಿನಲ್ಲಿತ್ತು.

ಅವರು ಕೀ ತೆಗೆದರು. ನೀರು ಅಷ್ಟರಲ್ಲಿ ತಣಿದಿತ್ತು, ಫ್ಯಾನು ಅದೇ ಹೊತ್ತಿಗೆ ತಾನಾಗಿ ನಿಂತಿತು. ನನ್ನ ಸುಳ್ಳಿಗೆ ಫ್ಯಾನೇ ಸಾಕ್ಷಿ ಹೇಳಿದಂತಾಯಿತು.

ಒಂಬತ್ತು ದಿನ ವ್ಯಾನು ಒಮ್ಮೆಯೂ ಕುದಿಯಲಿಲ್ಲ. ಸಿಕ್ಕವರಿಗೆಲ್ಲ ಭಾವ ನನ್ನ ಗುಣಗಾನ ಮಾಡಿದರಂತೆ. ಹತ್ತನೆಯ ದಿನ ಒಂದು ಏರು ಹತ್ತಿ, ಅಂಗಡಿಯ ಮುಂದೆ ನಿಲ್ಲಿಸಿ, ಕೀ ತೆಗೆದು, ಬಾನೆಟ್ ಎತ್ತಿದರು. ಎಂಜಿನ್ ಮೌನವಾಗಿತ್ತು, ಫ್ಯಾನು ನಿಂತಿತ್ತು, ಜಾಲರಿ ಇನ್ನೂ ಬಿದ್ದಿರಲಿಲ್ಲ. ಇಪ್ಪತ್ತಾರು ವರ್ಷ ಹೋದ ದಾರಿಯಲ್ಲೇ ಕೈ ಹೋಯಿತು. ಬೆರಳು ಪೈಪಿಗೆ ತಾಗುವ ಹೊತ್ತಿಗೆ ಸ್ವಿಚ್ಚಿಗೆ ಸಾಕಷ್ಟು ಬಿಸಿ ಮುಟ್ಟಿತ್ತು.

ನಾನು ಆಸ್ಪತ್ರೆ ಸೇರುವಷ್ಟರಲ್ಲಿ ಕೈಗೆ ಬಟ್ಟೆ ಸುತ್ತಿದ್ದರು. ತೋರುಬೆರಳಿನ ಎರಡು ಗೆಣ್ಣು ಹೋಗಿತ್ತು. ಮಧ್ಯದ ಬೆರಳು ಉಳಿದರೂ ಮಡಚುವುದಿಲ್ಲ ಎಂದರು. ಅಕ್ಕ ಮಂಚದ ಪಕ್ಕ ನಿಂತು ಅಳುತ್ತಲೇ ಬೈಯುತ್ತಿದ್ದಳು.

"ಫ್ಯಾನಿಗೆ ಯಾರಾದ್ರೂ ಕೈ ಹಾಕ್ತಾರೇನ್ರೀ? ಹೊಸದು ಹಾಕಿದಾನೆ ಅಂತ ಗೊತ್ತಿತ್ತಲ್ಲ! ಹೇಗಿರುತ್ತೆ ಏನು ಅಂತ ಅವನನ್ನ ಒಂದು ಮಾತು ಕೇಳೋಕಾಗಲ್ವಾ?"

ಭಾವ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಆಮೇಲೆ ಅವಳ ಕಡೆ ತಿರುಗಿ, "ಹೇಳಿದ್ದ ಕಣೆ. ನಿಂತ ಮೇಲೂ ತಿರುಗುತ್ತೆ ಅಂತ ಅವತ್ತೇ ಹೇಳಿದ್ದ. ನನಗೇ ಮರೆತುಹೋಯ್ತು" ಎಂದರು.

ಬಾಯಿ ಬಿಡಬೇಕಿದ್ದದ್ದು ಆಗ. ತಪ್ಪೊಪ್ಪಿಗೆ ಹೊಲಿಗೆ ಇದ್ದ ಹಾಗೆ, ಗಾಯ ಹಸಿಯಿದ್ದಾಗಲೇ ಬೀಳಬೇಕು. ನಾನು ಬಾಟಲಿಯಿಂದ ತೊಟ್ಟಿಕ್ಕುತ್ತಿದ್ದ ಹನಿಗಳನ್ನು ನೋಡುತ್ತಾ ನಿಂತೆ.

ಕೈ ಮಾಗಲು ಮೂರು ತಿಂಗಳಾಯಿತು. ವ್ಯಾನಿಗೆ ಬೇರೆ ಚಾಲಕ ಬಂದ. ಭಾವನನ್ನು ಬ್ರೆಡ್ಡಿಗೆ ಕಾಗದ ಸುತ್ತುವ ಮೇಜಿಗೆ ಹಾಕಿದರು. ಅವರು ಒಂದು ಸುತ್ತುವಷ್ಟರಲ್ಲಿ ಪಕ್ಕದವರು ನಾಲ್ಕು ಸುತ್ತುತ್ತಿದ್ದರು. ಮನೆಯಲ್ಲಿ ಲೋಟ ಜಾರಿದರೆ ಅಕ್ಕನದು ಅದೇ ಮಾತು: "ಅವನು ಹೇಳಿದ್ದು ಕಿವಿಗೆ ಹಾಕಿಕೊಂಡಿದ್ರೆ ಇವತ್ತು ಹೀಗಾಗ್ತಿತ್ತಾ?" ನಾನಿದ್ದಾಗ ಆ ಮಾತು ಬಂದರೆ ಭಾವ ಪೇಪರಿನ ಯಾವುದೋ ಸುದ್ದಿ ತೆಗೆಯುವರು. ನಾನು ಅಲ್ಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಅಂಗಡಿಯಲ್ಲಿ ಮಾತ್ರ ಬುದ್ಧಿವಂತನಾದೆ. ಜಾಲರಿಯಿಲ್ಲದೆ ಒಂದು ಫ್ಯಾನನ್ನೂ ಕೂರಿಸಲಿಲ್ಲ. ಕೆಂಪು ಅಕ್ಷರದ ಚೀಟಿ ಅಚ್ಚು ಹಾಕಿಸಿ ಪ್ರತಿ ಗಾಡಿಯ ಬಾನೆಟ್ಟಿನೊಳಗೆ ಅಂಟಿಸಿದೆ: ಎಚ್ಚರಿಕೆ! ಕೀ ತೆಗೆದ ಮೇಲೂ ಫ್ಯಾನು ತಿರುಗಬಹುದು. ಕೈ ಹಾಕಬೇಡಿ.

ಒಂದು ಮಧ್ಯಾಹ್ನ ಆ ಬೀದಿಯಲ್ಲಿ ಹೋಗುತ್ತಿದ್ದ ಅಕ್ಕ ಸುಮ್ಮನೆ ಒಳಗೆ ಬಂದಳು. ಬಾನೆಟ್ ತೆರೆದ ಕಾರೊಂದು ನಿಂತಿತ್ತು. ಚೀಟಿಯನ್ನು ನಿಧಾನವಾಗಿ ಓದಿದಳು.

"ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಇದನ್ನ ನಿಮ್ಮ ಭಾವನ ಗಾಡಿಗೆ ಅಂಟಿಸಿರಲಿಲ್ವಾ?"

"ಇಲ್ಲ."

"ಬಾಯಲ್ಲಿ ಹೇಳಿದ್ದೆಯಲ್ಲ. ಅದಕ್ಕೇ ಬೇಡ ಅನ್ನಿಸಿತೇನೋ."

ಹ್ಞೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದೇ ಒಂದು ಹ್ಞೂಂ. ನಾಲಿಗೆ ಹೊರಳಲಿಲ್ಲ.

"ಹೇಳಿರಲಿಲ್ಲ ಅಕ್ಕ. ಕೀ ತೆಗೆದ್ರೆ ನಿಲ್ಲುತ್ತಾ ಅಂತ ಭಾವ ಕೇಳಿದ್ರು. ನಿಲ್ಲುತ್ತೆ ಅಂದೆ."

ಅವಳು ಬೈಯಲಿಲ್ಲ. ಚಿಕ್ಕಂದಿನಲ್ಲಿ ಒಂದು ಗಾಜು ಒಡೆದರೂ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದವಳು ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡು ಬಿಸಿಲಿಗಿಳಿದು ನಡೆದಳು.

ಮಾರನೆಯ ದಿನ ಭಾವ ಬಂದರು. ಕೂರಲಿಲ್ಲ.

"ಎಂಥ ಕೆಲಸ ಮಾಡಿದೆಯೋ!"

"ಎಷ್ಟು ದಿನ ಭಾವ, ನೀವು ಬೈಗುಳ ತಿನ್ನೋದು?"

"ಅವಳ ಬೈಗುಳ ನನಗೇನು ಹೊಸದಾ? ಮದುವೆ ಆದಾಗಿನಿಂದ ಊಟದ ಜೊತೆ ಅದೂ ಬರುತ್ತೆ." ನಗಿಸಲು ನೋಡಿದರು, ಅವರಿಗೇ ನಗು ಬರಲಿಲ್ಲ. "ಬೆರಳು ಹೇಗೂ ಹೋಯ್ತು. ಅವಳಿಗೆ ತವರು ಅಂತ ಇರೋದು ನೀನೊಬ್ಬ. ಅದೂ ಯಾಕೆ ಹೋಗಬೇಕು ಅಂದುಕೊಂಡಿದ್ದೆ. ರಾತ್ರಿಯಿಂದ ಮಾತಿಲ್ಲ ಕಣೋ. ನನ್ನ ಜೊತೆಯೂ ಇಲ್ಲ. ನಾನೂ ಸುಳ್ಳು ಹೇಳಿದೆ ಅಂತ."

ಅವರ ಸುಳ್ಳು ನನ್ನನ್ನು ಉಳಿಸಲು, ನನ್ನ ಮೌನವೂ ನನ್ನನ್ನು ಉಳಿಸಲು. ಇಬ್ಬರೂ ನನ್ನನ್ನೇ ನೋಡಿಕೊಂಡೆವು. ಇಷ್ಟು ತಿಂಗಳು ತಪ್ಪು ಮನುಷ್ಯನನ್ನು ಬೈದ ಅವಳ ಪಾಡನ್ನು ಯಾರೂ ನೋಡಲಿಲ್ಲ.

ಭಾನುವಾರ ಹೋದೆ. ಬಾಗಿಲು ತೆರೆದೇ ಇತ್ತು. ಅಕ್ಕ ನೆಲದ ಮೇಲೆ ಭಾವನ ಅಂಗಿಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಆ ಕೈಯಲ್ಲಿ ಅವರಿಗೆ ಗುಂಡಿ ಹಾಕಿಕೊಳ್ಳಲಾಗುವುದಿಲ್ಲ. ಗುಂಡಿಗಳನ್ನು ಬಿಚ್ಚಿ, ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಹೊಲಿಯುತ್ತಿದ್ದಳು. ಭಾವ ಕಿಟಕಿಯ ಬಳಿ ಪೇಪರ್ ಹಿಡಿದಿದ್ದರು. ಪುಟ ತಿರುವುತ್ತಿರಲಿಲ್ಲ.

ನಾನು ಹೊಸ್ತಿಲಲ್ಲಿ ನಿಂತೆ. ಅವಳು ತಲೆ ಎತ್ತದೆ ಸಣ್ಣ ಕತ್ತರಿಯನ್ನು ನೆಲದ ಮೇಲೆ ನನ್ನ ಕಡೆ ತಳ್ಳಿದಳು.

"ಇನ್ನೂ ಐದು ಅಂಗಿ ಇದೆ" ಎಂದಳು. "ದಾರ ಮಾತ್ರ ಕತ್ತರಿಸು. ಬಟ್ಟೆ ಹರಿಯಬೇಡ."

ಕೂತೆ. ಮೊದಲ ಅಂಗಿ ಎತ್ತಿಕೊಂಡು ಕೊರಳಿನ ಗುಂಡಿಯ ಕೆಳಗೆ ಕತ್ತರಿಯ ಮೊನೆ ಇಟ್ಟೆ.